ಸ್ವಯಂಪಾಕ: ಕಡಲ ತೀರದ ಬಾಡಿಗೆ ಮನೆ ಮತ್ತು ಗೃಹಸ್ಥಧರ್ಮ

ಊರು ಬಿಟ್ಟು ಹೋದವನು ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುವುದಕ್ಕೆ ಸ್ವಯಂಪಾಕ ಎನ್ನುತ್ತಾರೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಕಡೆ ಇದು ಹಳೆಯ ರೂಢಿ. ದಾರಿ ನಡೆದು ಬಂದವನಿಗೆ ದೇವಸ್ಥಾನದಲ್ಲೋ ಛತ್ರದಲ್ಲೋ ಅನುಕೂಲಸ್ಥರ ಮನೆಯಲ್ಲೋ ಅಕ್ಕಿ, ಬೇಳೆ, ತೆಂಗಿನಕಾಯಿ, ಉಪ್ಪು, ಸೌದೆ ಕೊಡುತ್ತಿದ್ದರು. ಹೀಗೆ ಕೊಡುವುದಕ್ಕೆ ಪಡಿ ಎಂದು ಹೆಸರು. ಪಡಿ ಪಡೆದವನು ಜಗಲಿಯ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ಬೇಯಿಸಿ, ಉಂಡು, ಮರುದಿನ ಮುಂದಕ್ಕೆ ಹೋಗುತ್ತಿದ್ದ.

ಈಗ ಅದೇ ಸೀಮೆಯಲ್ಲಿ ಸ್ವಯಂಪಾಕ ಬೇರೆ ರೂಪದಲ್ಲಿ ಮರಳಿದೆ. ಕೆಳದಿಯ ಶಿವಪ್ಪ ನಾಯಕ ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದನೆನ್ನುವ ಬೇಕಲ ಕೋಟೆಯ ಆಸುಪಾಸನ್ನು ಕೇಂದ್ರ ಸರ್ಕಾರ 1992ರಲ್ಲಿ ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಗುರುತಿಸಿತು. 1995ರಲ್ಲಿ ಅದರ ಅಭಿವೃದ್ಧಿಗೆಂದೇ ಕೇರಳ ಸರ್ಕಾರ ಒಂದು ನಿಗಮ ಸ್ಥಾಪಿಸಿತು. ದೊಡ್ಡ ರೆಸಾರ್ಟುಗಳ ಜೊತೆಗೆ ಉದುಮ, ಪಳ್ಳಿಕ್ಕರೆ, ನೀಲೇಶ್ವರದ ತೀರಗಳಲ್ಲಿ ದಿನದ ಬಾಡಿಗೆಗೆ ಸಿಗುವ ಮನೆಗಳೂ ಬಂದವು. ಕೆಲವುಗಳಲ್ಲಿ ಗ್ಯಾಸ್ ಒಲೆ, ಪಾತ್ರೆ, ಫ್ರಿಜ್, ಮಿಕ್ಸಿ ಎಲ್ಲವೂ ಇರುತ್ತವೆ. ಬೆಂಗಳೂರು, ಮೈಸೂರು, ಮಂಗಳೂರಿನ ಕುಟುಂಬಗಳು ಕುಚ್ಚಲಕ್ಕಿ, ಸಾರಿನ ಪುಡಿ, ಉಪ್ಪಿನಕಾಯಿ ಕಟ್ಟಿಕೊಂಡು ಬಂದು ಮೂರು ನಾಲ್ಕು ದಿನ ಇರುತ್ತವೆ. ಇಲ್ಲಿ ಪಡಿ ಕೊಡುವವರಿಲ್ಲ, ಒಲೆಗೂ ಬಾಡಿಗೆ ಉಂಟು.

ಈ ಮನೆಯೊಳಗೆ ಧರ್ಮವಿಚಾರದ ಒಂದು ಹಳೆಯ ಪ್ರಶ್ನೆ ಏಳುತ್ತದೆ. ಅಲ್ಲಿ ಇಳಿದುಕೊಂಡ ಕುಟುಂಬ ಅತಿಥಿಯೋ, ಗೃಹಸ್ಥನೋ? ಪ್ರಶ್ನೆ ಬರಿಯ ಮಾತಿನದಲ್ಲ. ಅತಿಥಿಗೆ ಸಲ್ಲಬೇಕಾದದ್ದು ಒಂದು, ಗೃಹಸ್ಥ ಸಲ್ಲಿಸಬೇಕಾದದ್ದು ಇನ್ನೊಂದು.

ಮನುಸ್ಮೃತಿಯ ಮೂರನೆಯ ಅಧ್ಯಾಯ ಅತಿಥಿಯನ್ನು ಕಾಲದಿಂದ ಅಳೆಯುತ್ತದೆ: ಒಂದೇ ರಾತ್ರಿ ತಂಗುವವನು ಅತಿಥಿ. ನೆಲೆ ನಿಲ್ಲದವನಾದ್ದರಿಂದಲೇ ಅವನಿಗೆ ಆ ಹೆಸರು. ಅಲ್ಲಿ ಹೇಳಿರುವುದು ಬ್ರಾಹ್ಮಣ ಅತಿಥಿಯ ವಿಚಾರ, ಉಳಿದವರಿಗೆ ಸತ್ಕಾರ ವರ್ಣದ ಮೆಟ್ಟಿಲಿನಂತೆ ಇಳಿಯುತ್ತದೆ ಎಂಬುದನ್ನು ಮುಚ್ಚಿಡಬಾರದು. ಇಸ್ಲಾಮಿನ ಹದೀಸ್ ಪರಂಪರೆ ಆತಿಥ್ಯಕ್ಕೆ ಮೂರು ದಿನ ಕೊಟ್ಟು, ಆಮೇಲಿನದು ದಾನ ಎನ್ನುತ್ತದೆ. ಕಾಸರಗೋಡಿನ ಮುಸ್ಲಿಮರಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿಈ ಪಂಥದ ಪ್ರಕಾರ, ದೂರದಿಂದ ಬಂದವನು ಬರುವ ಮತ್ತು ಹೊರಡುವ ದಿನಗಳನ್ನು ಬಿಟ್ಟು ನಾಲ್ಕು ಪೂರ್ಣ ದಿನ ನಿಲ್ಲುವ ಸಂಕಲ್ಪ ಮಾಡಿದರೆ ಪ್ರಯಾಣಿಕನಾಗಿ ಉಳಿಯುವುದಿಲ್ಲ. ಅದಕ್ಕಿಂತ ಕಡಿಮೆಯಾದರೆ ನಾಲ್ಕು ರಕಅತ್‌ಗಳ, ಅಂದರೆ ನಾಲ್ಕು ಆವೃತ್ತಿಗಳ, ನಮಾಜನ್ನು ಎರಡಕ್ಕೆ ಇಳಿಸುವ ರಿಯಾಯಿತಿ ಉಂಟು. ವಾರಾಂತ್ಯಕ್ಕೆ ಬೇಕಲಕ್ಕೆ ಬಂದ ಬೆಂಗಳೂರಿನ ಕುಟುಂಬ ಈ ಲೆಕ್ಕದಲ್ಲಿ ಪ್ರಯಾಣದಲ್ಲೇ ಇದೆ. ಅದರ ಪ್ರಾರ್ಥನೆ ಕೂಡ ಹಗುರ.

ದಿನಗಳ ಲೆಕ್ಕದ ಪಕ್ಕದಲ್ಲಿ ಒಲೆಯ ಲೆಕ್ಕವೊಂದಿದೆ, ಅದೇ ಹೆಚ್ಚು ಗಟ್ಟಿ. ಸಂನ್ಯಾಸಿಯನ್ನು ಶಾಸ್ತ್ರ ಗುರುತಿಸುವುದು ಅವನಿಗೆ ಅಗ್ನಿ ಇಲ್ಲ ಎಂಬುದರಿಂದ. ಅವನು ಬೇಯಿಸುವುದಿಲ್ಲ, ಬೇಡಿ ಉಣ್ಣುತ್ತಾನೆ. ಗೃಹಸ್ಥ ಅಗ್ನಿಯನ್ನು ಕಾಯುವವನು. ಕನ್ನಡದ ಆಡುಮಾತಿನಲ್ಲಿ ಅಣ್ಣತಮ್ಮಂದಿರು ಪಾಲಾದರು ಎನ್ನಲು ಬೇರೆ ಒಲೆ ಹೂಡಿದರು ಎನ್ನುತ್ತಾರೆ. ಭಾರತದ ಜನಗಣತಿ ಕೂಡ ಒಟ್ಟಿಗೆ ಬಾಳಿ ಒಂದೇ ಅಡುಗೆಮನೆಯಿಂದ ಉಣ್ಣುವವರನ್ನೇ ಒಂದು ಕುಟುಂಬವೆಂದು ಎಣಿಸುತ್ತದೆ. ಹೀಗೆ ನೋಡಿದರೆ ಹೋಟೆಲಿನಲ್ಲಿ ಇಳಿದವನು ಅತಿಥಿ. ಮನೆಯವರೇ ಬಡಿಸುವ ಹೋಂಸ್ಟೇಯಲ್ಲಿ ಇಳಿದವನೂ, ಹಣ ಕೊಟ್ಟರೂ, ಅತಿಥಿಯೇ. ಅಡುಗೆಮನೆಯ ಕೀಲಿ ಕೈಗೆ ಬಂದವನು ಮಾತ್ರ ಆ ಕ್ಷಣದಿಂದ ಗೃಹಸ್ಥ. ಮೂರೇ ದಿನವಾದರೂ ಅವನ ಮನೆಯಲ್ಲಿ ಬೆಂಕಿ ಉರಿಯುತ್ತಿದೆ.

ಗೃಹಸ್ಥನಾದ ಮೇಲೆ ಋಣಗಳೂ ಬರುತ್ತವೆ. ಮನುಸ್ಮೃತಿ ಮನೆಯಲ್ಲಿ ಐದು ಹಿಂಸೆಯ ಸ್ಥಾನಗಳನ್ನು ಹೇಳುತ್ತದೆ: ಒಲೆ, ಅರೆಯುವ ಕಲ್ಲು, ಪೊರಕೆ, ಒರಳು ಒನಕೆ, ನೀರಿನ ಕೊಡ. ಅನ್ನ ಸಿದ್ಧವಾಗುವಷ್ಟರಲ್ಲಿ ಇವುಗಳಿಂದ ಕಣ್ಣಿಗೆ ಕಾಣದ ಎಷ್ಟೋ ಜೀವ ಹೋಗಿರುತ್ತದೆ. ಅದರ ಪರಿಹಾರಕ್ಕೆ ಐದು ಯಜ್ಞ: ಓದು ಮತ್ತು ಓದಿಸುವುದು, ಪಿತೃಗಳಿಗೆ ತರ್ಪಣ, ದೇವರಿಗೆ ಹೋಮ, ಪ್ರಾಣಿಗಳಿಗೆ ಬಲಿಯನ್ನ, ಮನುಷ್ಯರಿಗೆ ಆತಿಥ್ಯ. ಬಾಡಿಗೆ ಮನೆಯಲ್ಲಿ ಕಲ್ಲಿನ ಬದಲು ಮಿಕ್ಸಿ, ಕೊಡದ ಬದಲು ನಲ್ಲಿ. ಪೊರಕೆ ಮಾತ್ರ ಹಾಗೆಯೇ ಇದೆ. ಬಂಗುಡೆ, ಬೂತಾಯಿ ತಂದು ಹೆಚ್ಚುವ ಮನೆಯಲ್ಲಿ ಹಿಂಸೆ ಕಣ್ಣಿಗೇ ಕಾಣುತ್ತದೆ. ರಜೆಯಲ್ಲಿದ್ದೇವೆ ಎಂದರೆ ಈ ಋಣ ತೀರುವುದಿಲ್ಲ.

ಸ್ವಯಂಪಾಕ ಎಂಬ ಮಾತಿನಲ್ಲಿ ಎರಡು ಅರ್ಥ ಕಲೆತುಹೋಗುವ ಅಪಾಯ ಇಲ್ಲೇ ಇದೆ. ತಾನೇ ಬೇಯಿಸುವುದು ಬೇರೆ, ತನಗಾಗಿ ಮಾತ್ರ ಬೇಯಿಸುವುದು ಬೇರೆ. ಮೊದಲನೆಯದಕ್ಕೆ ಶಾಸ್ತ್ರದ ಆಕ್ಷೇಪವಿಲ್ಲ. ಎರಡನೆಯದನ್ನು ಭಗವದ್ಗೀತೆಯ ಮೂರನೆಯ ಅಧ್ಯಾಯ ಪಾಪವನ್ನೇ ಉಂಡಂತೆ ಎನ್ನುತ್ತದೆ. ಋಗ್ವೇದದ ಹತ್ತನೆಯ ಮಂಡಲದ ದಾನಸೂಕ್ತವೂ ಒಬ್ಬನೇ ಉಣ್ಣುವವನನ್ನು ಇಷ್ಟೇ ಕಟುವಾಗಿ ಖಂಡಿಸುತ್ತದೆ. ಹಳೆಯ ಸ್ವಯಂಪಾಕ ಈ ಎರಡನೆಯ ದೋಷದಿಂದ ಪೂರ್ತಿ ಪಾರಾಗಿರಲಿಲ್ಲ. ಮಡಿ ಕೆಡಬಾರದು, ಇನ್ನೊಂದು ಜಾತಿಯವರು ಬೇಯಿಸಿದ್ದನ್ನು ಮುಟ್ಟಬಾರದು ಎಂಬ ಭಯ ಅದರ ಬೆನ್ನಿಗಿತ್ತು. ಪಡಿ ಕೊಟ್ಟವನ ಔದಾರ್ಯವನ್ನು ಮೆಚ್ಚಲೇಬೇಕು. ಆದರೆ ಕೊಟ್ಟವನ ಅನ್ನವನ್ನು ಉಣ್ಣಲಾರೆ, ಅಕ್ಕಿಯನ್ನಷ್ಟೇ ಒಯ್ಯುತ್ತೇನೆ ಎಂಬ ನಿಲುವಿನಲ್ಲಿ ಮನುಷ್ಯ ಮನುಷ್ಯನಿಂದ ದೂರ ಸರಿದದ್ದೂ ಉಂಟು. ಪಂಚಯಜ್ಞಗಳ ತಿರುಳಿಗೆ ಇದು ಒಗ್ಗುವುದಿಲ್ಲ.

ಇದಕ್ಕೆ ಎದುರಾದ ಮಾದರಿ ಕಾಸರಗೋಡು ಜಿಲ್ಲೆಯಲ್ಲೇ ಇದೆ. ಹೊಸದುರ್ಗದಲ್ಲಿ 1884ರಲ್ಲಿ ಹುಟ್ಟಿದ ವಿಠಲ ರಾವ್ 1922ರಲ್ಲಿ ಮನೆ ಬಿಟ್ಟು ಸ್ವಾಮಿ ರಾಮದಾಸರಾದರು. ಊರೂರು ಅಲೆದು, ಕೊಟ್ಟವರ ಕೈಯ ಅನ್ನ ಉಂಡರು. ಮೊದಲು ಕಾಸರಗೋಡಿನಲ್ಲಿ ಚಿಕ್ಕ ಆಶ್ರಮವಿತ್ತು, 1931ರಲ್ಲಿ ಕಾಞಂಗಾಡಿನಲ್ಲಿ ಆನಂದಾಶ್ರಮ ಶುರುವಾಯಿತು. ಜೊತೆಗೆ ನಿಂತು ಅದನ್ನು ನಡೆಸಿದವರು ಮಾತಾಜಿ ಕೃಷ್ಣಾಬಾಯಿ. ಅಲ್ಲಿ ಬಂದವರಿಗೆ ವಸತಿಯಿದೆ, ಊಟವಿದೆ, ಜಾತಿಮತ ಕೇಳುವ ಪದ್ಧತಿಯಿಲ್ಲ. ಒಲೆ ಬಿಟ್ಟು ಹೊರಟವರು ಎಲ್ಲರಿಗೂ ಒಂದೇ ಒಲೆಯನ್ನು ಕಟ್ಟಿದರು. ಕಡಲ ತೀರದ ಬಾಡಿಗೆ ಮನೆಯಿಂದ ಅಲ್ಲಿಗೆ ಸ್ವಲ್ಪವೇ ದೂರ.

ಬಾಡಿಗೆ ಮನೆಯ ಗೃಹಸ್ಥಧರ್ಮದ ಮೊದಲ ಪರೀಕ್ಷೆ ಅಡುಗೆಮನೆಯೊಳಗೇ ನಡೆಯುತ್ತದೆ. ಗಂಡಸರೂ ಮಕ್ಕಳೂ ಅಲೆಯಲ್ಲಿ ಆಡಿ ಹಸಿದು ಬರುವಾಗ ಹೆಂಗಸೊಬ್ಬಳು ಒಲೆಯ ಮುಂದೆ ಇರುವುದು ಇಂಥ ಪ್ರವಾಸಗಳಲ್ಲಿ ಸಾಮಾನ್ಯ ನೋಟ. ಅವಳ ಪಾಲಿಗೆ ಬದಲಾದದ್ದು ಕಿಟಕಿಯಾಚೆಯ ನೋಟ ಮಾತ್ರ. ಮನುಸ್ಮೃತಿ ಎಲ್ಲರೂ ಉಂಡಾದ ಮೇಲೆ ಉಳಿದದ್ದನ್ನು ದಂಪತಿ ಉಣ್ಣಬೇಕು ಎನ್ನುತ್ತದೆ. ಪದ ದಂಪತಿ ಎಂದಿದೆ, ಹೆಂಡತಿ ಎಂದಿಲ್ಲ. ಕೊನೆಯಲ್ಲಿ ಉಣ್ಣುವುದು ಇಬ್ಬರಿಗೂ ಸೇರಿದ ವ್ರತ. ಅದನ್ನು ಒಬ್ಬಳ ಮೇಲೆ ಹೊರಿಸಿದ್ದು ಬಳಕೆಯ ಅನ್ಯಾಯ. ವಿಶ್ರಾಂತಿ ಧರ್ಮಕ್ಕೆ ಒಪ್ಪುವುದು ಮನೆಯವರೆಲ್ಲರಿಗೂ ಸಿಕ್ಕಾಗ. ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು ಮಗನಿಗೂ ಅಪ್ಪನಿಗೂ ಬರಬೇಕಾದ ಪಾಲು.

ಮನುಷ್ಯಯಜ್ಞಕ್ಕೆ ಅಲ್ಲಿ ಅತಿಥಿ ಸಿಗುವುದಿಲ್ಲ ಎನ್ನುವಂತಿಲ್ಲ. ಗೇಟಿನ ಕಾವಲುಗಾರನಿದ್ದಾನೆ, ಬೆಳಿಗ್ಗೆ ನೆಲ ಒರೆಸಲು ಬರುವವರಿದ್ದಾರೆ, ಮೀನು ತಂದುಕೊಡುವವರಿದ್ದಾರೆ. ಚಂದ್ರಗಿರಿ ಹೊಳೆಯ ದಕ್ಷಿಣಕ್ಕೆ ಇವರ ಮಾತು ಹೆಚ್ಚಾಗಿ ಮಲಯಾಳ. ಅನ್ನ ಬಡಿಸುವುದಕ್ಕೆ ಭಾಷೆ ಅಡ್ಡ ಬರುವುದಿಲ್ಲ. ದುಡ್ಡಿನ ವ್ಯವಹಾರ ಮುಗಿದ ಮೇಲೂ ಅವರನ್ನು ಕೂರಿಸಿ ಒಂದು ಎಲೆ ಹೆಚ್ಚು ಹಾಕಿದರೆ ಆ ದಿನದ ಅಡುಗೆ ತನಗಾಗಿ ಮಾತ್ರ ಆದದ್ದಲ್ಲ.

ಭೂತಯಜ್ಞದ, ಅಂದರೆ ಪ್ರಾಣಿಗಳಿಗೆ ಅನ್ನವಿಡುವ ಯಜ್ಞದ, ವಿಚಾರದಲ್ಲಿ ಮಾತ್ರ ಎಚ್ಚರ ಬೇಕು. ಉಳಿದ ಅನ್ನವನ್ನು, ಮೀನಿನ ತಲೆಯನ್ನು ಮರಳಿನ ಮೇಲೆ ಚೆಲ್ಲಿ ನಾಯಿ, ಕಾಗೆಗೆ ಹಾಕಿದೆವು ಎಂದುಕೊಳ್ಳುವವರುಂಟು. ಈ ತೀರದಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ನೀಲೇಶ್ವರದ ತೈಕ್ಕಡಪ್ಪುರದಲ್ಲಿ ನೆಯ್ದಲ್ ಎಂಬ ಸ್ಥಳೀಯರ ಸಂಘಟನೆ ಆ ಮೊಟ್ಟೆಗಳನ್ನು ಕಾದು, ಮರಿಗಳನ್ನು ಕಡಲಿಗೆ ಬಿಡುವ ಕೆಲಸವನ್ನು ವರ್ಷಗಳಿಂದ ಮಾಡುತ್ತಿದೆ. ಎಂಜಲಿನ ಆಸೆಗೆ ದಡದಲ್ಲಿ ನೆಲೆಸಿದ ನಾಯಿಗಳು ಆಮೆಯ ಗೂಡನ್ನೂ ಕೆದಕುತ್ತವೆ. ಒಂದು ಜೀವಕ್ಕೆ ಬಲಿಯನ್ನ ಹಾಕಿ ಇನ್ನೊಂದು ಜೀವದ ಸಂತಾನ ಅಳಿಸುವುದು ಯಜ್ಞವಾಗಲಾರದು. ಇಲ್ಲಿ ಅಳತೆಗೆ ತಕ್ಕಷ್ಟೇ ಬೇಯಿಸುವುದು ಭೂತಯಜ್ಞ, ಕಸವನ್ನು ತೀರದಿಂದ ದೂರ ಒಯ್ಯುವುದೂ ಭೂತಯಜ್ಞ.

ಉಳಿದ ಯಜ್ಞಗಳಿಗೂ ಈ ತೀರದಲ್ಲಿ ಜಾಗವಿದೆ. ದೇವಯಜ್ಞಕ್ಕೆ ಬೇಕಲ ಕೋಟೆಯ ಬಾಗಿಲಲ್ಲೇ ಮುಖ್ಯಪ್ರಾಣನ, ಅಂದರೆ ಹನುಮಂತನ, ಗುಡಿಯಿದೆ. ಓದಿಗೆ ಅವನದೇ ಕಥೆಯಿದೆ. ರಾಮಾಯಣದ ಸುಂದರಕಾಂಡದಲ್ಲಿ ಕಡಲು ದಾಟುವ ಹನುಮಂತನಿಗೆ ಆತಿಥ್ಯ ಕೊಡಲು ಸಮುದ್ರರಾಜ ಮೈನಾಕ ಪರ್ವತವನ್ನು ಮೇಲೆತ್ತುತ್ತಾನೆ. ಹನುಮಂತ ಅದನ್ನು ಕೈಯಿಂದ ಮುಟ್ಟಿ, ಮನ್ನಿಸಿ, ನಿಲ್ಲದೆ ಮುಂದೆ ಹೋಗುತ್ತಾನೆ. ಕೋಟೆಗೆ ಹತ್ತಿರದ ತೃಕ್ಕನ್ನಾಡಿನ ತ್ರ್ಯಂಬಕೇಶ್ವರ ದೇವಸ್ಥಾನ ಕಡಲಿಗೆ ಎದುರಾಗಿದೆ. ತುಳುವರ ಆಟಿ, ಮಲಯಾಳಿಗಳ ಕರ್ಕಾಟಕ ತಿಂಗಳ ಅಮಾವಾಸ್ಯೆಯಂದು ಅಲ್ಲಿಯ ಮರಳಿನ ಮೇಲೆ ಸಾವಿರಾರು ಜನ ಪಿತೃಗಳಿಗೆ ಬಲಿ ಇಡುತ್ತಾರೆ. ಎಳ್ಳು, ದರ್ಭೆ, ಅನ್ನದ ಪಿಂಡ ಮುಖ್ಯ ಸಾಮಗ್ರಿ. ಕೇರಳದ ಈ ಬಲಿಕರ್ಮದಲ್ಲಿ ಪಿಂಡ ಇಟ್ಟವರು ಒದ್ದೆ ಕೈ ತಟ್ಟಿ ಕಾಗೆಯನ್ನು ಕರೆಯುತ್ತಾರೆ. ಅದು ಬಂದು ಮುಟ್ಟುವುದನ್ನು ಕಾದು ನಿಲ್ಲುತ್ತಾರೆ. ಆಮೇಲೆ ತಮ್ಮ ಊಟ.