ಭಿನ್ನ ವಿಗ್ರಹವೂ ಭಿನ್ನ ದೇಹವೂ

ಮುಕ್ಕಾದ ವಿಗ್ರಹ ಪೂಜೆಗೆ ಸಲ್ಲದೆಂಬುದು ಶಿಲ್ಪಶಾಸ್ತ್ರದ ಮಾತು. ಕಲ್ಲಿಗೆ ಹೇಳಿದ ಈ ನಿಯಮವನ್ನು ನಾವು ಅರಿವಿಲ್ಲದೆಯೇ ಮನುಷ್ಯರಿಗೂ ಹಚ್ಚಿಬಿಟ್ಟಿದ್ದೇವೆ. ಬೆನ್ನು ಬಾಗಿದವಳನ್ನು, ಕಾಲು ಊನವಾದವನನ್ನು ಶುಭಕಾರ್ಯದಲ್ಲಿ ಮುಂದಿನ ಸಾಲಿಗೆ ಕರೆದು ಕೂಡಿಸುವ ಮನೆಗಳು ಎಷ್ಟಿವೆ? ದೇಹವೇ ದೇಗುಲವೆಂದು ಶರಣರು ಸಾರಿದಾಗ ಅಂಗಾಂಗ ನೆಟ್ಟಗಿರುವ ದೇಹವೆಂದು ಷರತ್ತು ಹಾಕಿರಲಿಲ್ಲ.

ಹೀಗಿರುವಾಗ, ಕಲಾವಿದರೊಬ್ಬರು ಊನವಾದ ತಮ್ಮ ದೇಹವನ್ನೇ ಶಿಲ್ಪದ ವಸ್ತುವಾಗಿ ಜನರ ಮುಂದಿಟ್ಟರೆ ಅದು ಸರಿಯೇ, ಅಥವಾ ಅನುಕಂಪ ಬೇಡುವ ಬಗೆಯೇ? ಸದ್ಭಕ್ತರು ವಿಚಾರ ಮಾಡಬೇಕಾದ ಪ್ರಶ್ನೆ ಇದು.

ಮಡಕಶಿರಾ ಕಡೆಯವರು ಲೇಪಾಕ್ಷಿಯನ್ನು ನೋಡಿಯೇ ಇರುತ್ತಾರೆ. ಅಲ್ಲಿನ ನಾಟ್ಯಮಂಟಪದ ಕಂಬದಲ್ಲಿ ಮೂರು ಕಾಲಿನ ಭೃಂಗಿ ಕುಣಿಯುತ್ತಿದ್ದಾನೆ. ಶಿಲ್ಪಿ ಆ ಮೂರನೆಯ ಕಾಲನ್ನು ಮರೆಮಾಡಲಿಲ್ಲ, ಕುಣಿತಕ್ಕೇ ಸೇರಿಸಿದ. ಆದರೆ ಅಲ್ಲಿ ಉಳಿ ಹಿಡಿದವನು ಭೃಂಗಿಯಲ್ಲ, ಬೇರೊಬ್ಬ.

ತುಮಕೂರು ಬಳಿಯ ಕೈದಾಳದ ಜಕಣಾಚಾರಿಯ ಕಥೆಯಲ್ಲಿ ಊನ ಶಿಲ್ಪಿಯದೇ. ತಾನು ಕಡೆದ ಮೂರ್ತಿಯ ಕಲ್ಲಿನಲ್ಲಿ ಕಪ್ಪೆ ಕಂಡಾಗ ಮಾತಿಗೆ ತಪ್ಪದೆ ಕೈ ಕಡಿದುಕೊಂಡ. ಊರಿಗೆ ಮರಳಿ ಗುಡಿ ಕಟ್ಟಿದ. ಕೈ ಮರಳಿ ಬಂತು. ಕೈಯಿಲ್ಲದೆ ಮಾಡಿದ ಕೆಲಸವನ್ನು ಕಥೆ ಒಂದೇ ಮಾತಿನಲ್ಲಿ ದಾಟಿಬಿಡುತ್ತದೆ. ಕೈ ಬಂದದ್ದಕ್ಕೆ ಮಾತ್ರ ಊರಿನ ಹೆಸರೇ ಸಾಕ್ಷಿ! ಕೈಯಿಲ್ಲದ ಶಿಲ್ಪಿಯನ್ನು ಹಾಗೆಯೇ ಒಪ್ಪಿಕೊಳ್ಳಲು ನಮ್ಮ ಹಿರಿಯರಿಗೂ ಮನಸ್ಸು ಬರಲಿಲ್ಲವೇನೋ.

ಒಪ್ಪಿಕೊಳ್ಳಿರೆಂದು ಕೇಳಿದವರು ಇಂಗ್ಲೆಂಡಿನ ಆಲಿಸನ್ ಲ್ಯಾಪರ್. 1965ರಲ್ಲಿ ತೋಳುಗಳಿಲ್ಲದೆ, ಗಿಡ್ಡ ಕಾಲುಗಳೊಂದಿಗೆ ಹುಟ್ಟಿದ ಆಕೆ ಬಾಯಲ್ಲಿ ಕುಂಚ ಹಿಡಿದು ಚಿತ್ರ ಬರೆದರು; 1994ರಲ್ಲಿ ಬ್ರೈಟನ್ ವಿಶ್ವವಿದ್ಯಾಲಯದಿಂದ ಕಲಾ ಪದವಿ ಪಡೆದರು. ತಮ್ಮ ಕೃತಿಗಳಿಗೆ ತಮ್ಮ ದೇಹವನ್ನೇ ವಸ್ತು ಮಾಡಿಕೊಂಡರು. 1820ರಲ್ಲಿ ಗ್ರೀಸಿನ ಮಿಲೋಸ್ ದ್ವೀಪದಲ್ಲಿ ದೊರೆತ ವೀನಸ್ ಶಿಲ್ಪಕ್ಕೂ ತೋಳುಗಳಿಲ್ಲ. ಅದನ್ನು ಪ್ಯಾರಿಸ್ಸಿನಲ್ಲಿಟ್ಟು ಲೋಕವೆಲ್ಲ ಸೌಂದರ್ಯವೆಂದು ಹೊಗಳುತ್ತದೆ. ಆ ಹೋಲಿಕೆಯೇ ಆಕೆಯ ಕಲೆಗೆ ಪ್ರೇರಣೆ. ನಾವೂ ಅಷ್ಟೇ. ಹಂಪಿಯ ಉಗ್ರನರಸಿಂಹನ ಮುರಿದ ತೋಳುಗಳ ಮುಂದೆ ನಿಂತು ಭವ್ಯವೆನ್ನುತ್ತೇವೆ, ತೋಳಿಲ್ಲದ ಮನುಷ್ಯನನ್ನು ಕಂಡರೆ ಮುಖ ತಿರುಗಿಸುತ್ತೇವೆ.

ಮಾರ್ಕ್ ಕ್ವಿನ್ ಎಂಬ ಶಿಲ್ಪಿ ಗರ್ಭಿಣಿಯಾಗಿದ್ದ ಇದೇ ಲ್ಯಾಪರ್ ಅವರನ್ನು ಅಮೃತಶಿಲೆಯಲ್ಲಿ ಕಡೆಸಿದ. 11 ಅಡಿಗೂ ಎತ್ತರದ ಆ ಮೂರ್ತಿ 2005ರಿಂದ 2007ರವರೆಗೆ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ, ಸೇನಾಪತಿಗಳ ಪ್ರತಿಮೆಗಳ ಜೊತೆಗೆ ನಿಂತಿತ್ತು. ಹೊಗಳಿದವರಷ್ಟೇ ತೆಗಳಿದವರೂ ಇದ್ದರು. ನನ್ನ ಮಟ್ಟಿಗೆ ಆ ದೊಡ್ಡ ಮೂರ್ತಿಗಿಂತ ಆಕೆ ತಾವೇ ಮಾಡಿದ ಕೃತಿಗಳ ತೂಕ ಹೆಚ್ಚು. ಏಕೆಂದರೆ ಅಲ್ಲಿ ನೋಡುವವಳೂ ನೋಡಿಸಿಕೊಳ್ಳುವವಳೂ ಒಬ್ಬಳೇ. ಏನನ್ನು ತೋರಬೇಕು, ಎಷ್ಟು ತೋರಬೇಕು ಎಂಬ ತೀರ್ಮಾನ ಆಕೆಯದೇ. ಅನುಕಂಪದ ಮಾತು ಅಲ್ಲಿ ನಿಲ್ಲುವುದಿಲ್ಲ. ಬೇಡುವವರು ಹೀಗೆ ಎದುರು ನಿಂತು ದಿಟ್ಟಿಸುವುದಿಲ್ಲ.

ಅನಂತಪುರ ಸೀಮೆಯಲ್ಲಿ ಫ್ಲೋರೈಡ್ ನೀರು ಕುಡಿದು ಮೂಳೆ ಸೆಟೆದು ಬಾಗಿದವರು ನಮ್ಮ ನಡುವೆಯೇ ಇದ್ದಾರೆ. ಅವರ ಬೆನ್ನಿನ ಚಿತ್ರಗಳು ಪತ್ರಿಕೆಗಳಲ್ಲಿ, ವರದಿಗಳಲ್ಲಿ ಬರುತ್ತವೆ. ನೀರಿನ ಯೋಜನೆಗೆ ಅವು ಬೇಕೂ ಹೌದು. ಆದರೆ ಚಿತ್ರ ತೆಗೆಯುವ ಮುನ್ನ, ಹೇಗೆ ನಿಲ್ಲುತ್ತೀರಿ, ಮುಖ ತೋರಿಸುತ್ತೀರಾ ಎಂದು ಅವರನ್ನು ಕೇಳಿದವರು ಕಡಿಮೆ.