ಹಾಗಲಕಾಯಿಯೂ ರಸನೇಂದ್ರಿಯವೂ

ಆರು ಬಾಹ್ಯ ತಪಗಳಲ್ಲಿ ರಸಪರಿತ್ಯಾಗವು ನಾಲ್ಕನೆಯದು. ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆ, ಉಪ್ಪು ಇವುಗಳಲ್ಲಿ ಒಂದನ್ನೋ ಹಲವನ್ನೋ ತ್ಯಜಿಸುವುದೆಂದು ಅದರ ರೂಢಿಯ ಅರ್ಥ. ಶಾಸ್ತ್ರಸಭೆಯಲ್ಲಿ ಇದನ್ನು ನಾನು ಅನೇಕ ಸಲ ವಿವರಿಸಿದ್ದೇನೆ. ಅದೇ ದಿನ ಮನೆಯಲ್ಲಿ ಹಾಗಲಕಾಯಿ ಪಲ್ಯವಾಗಿದ್ದರೆ ನನಗೆ ಮಾತ್ರ ಬೇರೆ ಪಲ್ಯ ಸಿದ್ಧವಾಗಬೇಕಿತ್ತು. ಮದುವೆಯಾದಂದಿನಿಂದ ಸುಮಾರು ನಲವತ್ತು ವರ್ಷ ನಮ್ಮ ಮನೆಯವರು ಆ ಎರಡನೆಯ ಪಲ್ಯವನ್ನು ಮಾತಿಲ್ಲದೆ ಮಾಡಿ ಬಡಿಸಿದರು. ಅವರ ಆ ಶ್ರಮ ನನ್ನ ಯಾವ ಲೆಕ್ಕದ ಪುಸ್ತಕದಲ್ಲಿಯೂ ಏರಿರಲಿಲ್ಲ.

ಇನ್ನೂ ನಾಚಿಕೆಯ ಸಂಗತಿಯೊಂದಿದೆ. ಚಾತುರ್ಮಾಸಕ್ಕೆಂದು ನಾನು ಬಿಡುವ ತರಕಾರಿಗಳಲ್ಲಿ ಹಾಗಲಕಾಯಿ ತಪ್ಪದೆ ಇರುತ್ತಿತ್ತು! ವಸೂಲಾಗದ ಬಾಕಿಯನ್ನು ದಾನವೆಂದು ಬರೆದುಕೊಳ್ಳುವ ವ್ಯಾಪಾರಿಗೂ ನನಗೂ ಏನು ಅಂತರ?

ಒಂದು ದಿನ ಮೊಮ್ಮಗನು ತಟ್ಟೆಯಲ್ಲಿನ ಹಾಗಲಕಾಯಿಯನ್ನು ಬದಿಗೆ ಸರಿಸಿದನು. ಗದರಿಸಿದೆ. "ಅಜ್ಜ, ನೀವೂ ತಿನ್ನುವುದಿಲ್ಲವಲ್ಲ" ಎಂದನು. ಉತ್ತರವಿರಲಿಲ್ಲ. ಅಂದು ಒಂದು ಹೋಳನ್ನು ಬಾಯಿಗಿಟ್ಟುಕೊಂಡು, ನೀರಿನೊಡನೆ ನುಂಗಿದೆ.

ಕಹಿಯನ್ನು ನಾಲಿಗೆ ದೂರುವುದು ಸ್ವಭಾವವೇ. ಸಸ್ಯಗಳಲ್ಲಿನ ವಿಷಗಳು ಅನೇಕ ವೇಳೆ ಕಹಿಯಾಗಿರುತ್ತವೆ; ಮಕ್ಕಳಿಗಂತೂ ಆ ಕಹಿ ಹಿರಿಯರಿಗಿಂತ ಹೆಚ್ಚು ತಾಗುತ್ತದೆ. ಆದರೆ ಮತ್ತೆ ಮತ್ತೆ, ಸ್ವಲ್ಪ ಸ್ವಲ್ಪವಾಗಿ ರುಚಿ ನೋಡಿದರೆ ಆ ವಿರೋಧ ಸಡಿಲುತ್ತದೆ. ನಮ್ಮ ಮನೆಯವರು ಹೋಳುಗಳನ್ನು ತೆಳ್ಳಗೆ ಹೆಚ್ಚಿ, ಉಪ್ಪು ಸವರಿ ಅರ್ಧ ಗಂಟೆ ಇಟ್ಟು ಹಿಂಡುವರು. ಬಳಿಕ ಹುಣಿಸೆ, ಬೆಲ್ಲ, ಎಳ್ಳಿನ ಪುಡಿ ಬೆರೆಸಿ ಗೊಜ್ಜು ಮಾಡುವರು. ಮೊದಲು ಬೆಲ್ಲ ಹೆಚ್ಚು. ಬರಬರುತ್ತ ಅದು ಕಡಿಮೆಯಾಯಿತು. ಹತ್ತು ಹನ್ನೆರಡು ಸಲವಾದ ಮೇಲೆ, ಕಹಿಯ ಹಿಂದೆಯೇ ಬರುವ ಒಂದು ತಂಪಾದ ರುಚಿ ನನಗೆ ತಿಳಿಯಿತು. ಮೊಮ್ಮಗನು ಮಾತ್ರ ಇಂದಿಗೂ ಅದನ್ನು ಬದಿಗೆ ಸರಿಸುತ್ತಾನೆ.

ನಾಲಿಗೆಯನ್ನು ಗೆದ್ದೆನೆಂದು ಹಿಗ್ಗಿದೆ. ಆದರೆ ಒಂದು ಮಧ್ಯಾಹ್ನ ತಟ್ಟೆಯಲ್ಲಿ ಸೋರೆಕಾಯಿ ಕಂಡು, "ಇಂದು ಹಾಗಲಕಾಯಿ ಇಲ್ಲವೇ?" ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ. ನಮ್ಮ ಮನೆಯವರು ನಕ್ಕುಬಿಟ್ಟರು. ಆಗ ಹೊಳೆಯಿತು: ನಾನು ಸಾಲವನ್ನು ತೀರಿಸಿರಲಿಲ್ಲ, ದ್ವೇಷದ ಖಾತೆಯಲ್ಲಿದ್ದುದನ್ನು ರಾಗದ ಖಾತೆಗೆ ವರ್ಗಾಯಿಸಿದ್ದೆನಷ್ಟೆ. ಮುನಿಗಳು ನಿಂತು, ದಿನಕ್ಕೊಮ್ಮೆ, ಕರಪಾತ್ರದಲ್ಲಿ ಆಹಾರ ಸ್ವೀಕರಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಆ ವೃತ್ತಿಗೆ ಗರ್ತಪೂರಣವೆಂಬ ಹೆಸರೂ ಉಂಟು, ಎಂದರೆ ಹಳ್ಳವನ್ನು ತುಂಬುವುದು. ಹಳ್ಳವು ಮಣ್ಣಿನ ರುಚಿ ಕೇಳುವುದಿಲ್ಲ. ಗೃಹಸ್ಥನಾದ ನನಗೆ ಆ ಸಮಭಾವ ಬಹು ದೂರ. ಆದರೂ ಅಭ್ಯಾಸ ವ್ಯರ್ಥವಾಯಿತೆನ್ನಲಾರೆ. ಮನೆಯಲ್ಲಿ ಎರಡನೆಯ ಪಲ್ಯ ನಿಂತಿದೆ, ಅದೇನು ಸಣ್ಣ ಮಾತಲ್ಲ.

ಕಳೆದ ಚಾತುರ್ಮಾಸದಲ್ಲಿಯೂ ಪಟ್ಟಿಯಲ್ಲಿ ಹಾಗಲಕಾಯಿ ಇತ್ತು. ಮೊದಲ ವಾರ ನಿಜವಾಗಿಯೂ ಕಷ್ಟವಾಯಿತು.