ಎಲ್ಲಿ ಎಂದು ಹೇಳದೆ

ನನ್ನ ಕಾರ್ಯಕ್ರಮ ಕೇಳಿದವರು ಫೋನು ಮಾಡಿದರೆ ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಅದು ಎಲ್ಲಿ ಸಾರ್?" ಯಾವ ಹಕ್ಕಿ, ಏನು ತಿನ್ನುತ್ತದೆ, ಯಾಕೆ ಹಾಗೆ ಕೂಗುತ್ತದೆ ಎಂಬುದೆಲ್ಲ ಆಮೇಲೆ. ಕೆಲವು ಸಲ ನಾನು ಹೇಳುವುದಿಲ್ಲ. ಹೇಳದೆ ಇರುವುದು ಸರಿಯೇ ಎಂದು ನಾಲ್ಕೈದು ವರ್ಷದಿಂದ ನನ್ನೊಳಗೇ ಒಂದು ವಾದ ನಡೆದಿದೆ. ಒಬ್ಬನೇ ವಾದಿಸಿ ಸಾಕಾಗಿದೆ, ಹಾಗಾಗಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಾರ್ಯಕ್ರಮ ಯಾವುದು ಎಂದು ಮೊದಲು ಹೇಳಬೇಕು. ನಾನು ಕುಮಟೆಯವನು. ಧಾರವಾಡದಲ್ಲಿ ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿದೆ. ಮೂರು ವರ್ಷಕ್ಕೆಂದು ಮುಂಬಯಿಗೆ ವರ್ಗವಾಗಿ ಬಂದವನು ಇಲ್ಲೇ ನಿವೃತ್ತನಾದೆ. ಮನೆ ಮುಲುಂಡಿನಲ್ಲಿ. ಒಂದು ಕಡೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡ, ರೈಲು ಹಳಿ ದಾಟಿ ಇನ್ನೊಂದು ಕಡೆಗೆ ಹೋದರೆ ಠಾಣೆಯ ಖಾಡಿ. ಸಮುದ್ರ ಒಳಕ್ಕೆ ಚಾಚಿದ ಈ ತೋಳಿಗೆ ನಮ್ಮ ಕಡೆಯ ಅಳಿವೆಯ ವಾಸನೆಯೇ ಇದೆ. ನಿವೃತ್ತರಾದ ಜೊತೆಯವರು ಕೆಲವರು ಷೇರು ಪೇಟೆ ಹಿಡಿದರು, ಕೆಲವರು ಕನ್ನಡ ಸಂಘದ ನಾಟಕ ಹಿಡಿದರು, ನಾನು ಮೈಕು ಹಿಡಿದೆ.

ಪಾಡ್‌ಕಾಸ್ಟ್ ಅಂದರೆ ಆಕಾಶವಾಣಿಯೇ. ನಿಲಯ ಇಲ್ಲ, ವೇಳಾಪಟ್ಟಿ ಇಲ್ಲ, ಸ್ಕ್ರಿಪ್ಟು ತಿದ್ದುವ ಮೇಲಧಿಕಾರಿಯೂ ಇಲ್ಲ. ಕೇಳುವವರು ತಮಗೆ ಬಿಡುವಾದಾಗ ಮೊಬೈಲಿನಲ್ಲಿ ಕೇಳಿಕೊಳ್ಳುತ್ತಾರೆ. ನನ್ನ ಬಂಡವಾಳ ಅಂಗೈಯಗಲದ ಒಂದು ರೆಕಾರ್ಡರ್, ಗಾಳಿ ತಡೆಯಲು ಅದಕ್ಕೊಂದು ತುಪ್ಪಳದ ಟೋಪಿ, ಮತ್ತು ಅಡಾಸಿಟಿ ಎಂಬ ಪುಕ್ಕಟೆ ಸಾಫ್ಟ್‌ವೇರ್. ಹದಿನೈದು ದಿನಕ್ಕೊಮ್ಮೆ ಇಪ್ಪತ್ತು ನಿಮಿಷ ಹಕ್ಕಿ, ಕಪ್ಪೆ, ಜೀರುಂಡೆಗಳ ದನಿ ಕೇಳಿಸಿ ನಡುವೆ ನಾಲ್ಕು ಮಾತಾಡುತ್ತೇನೆ. ಜಾಹೀರಾತಿಲ್ಲ. ಕೇಳುಗರ ಸಂಖ್ಯೆ ಒಂದು ಹಳ್ಳಿಯ ಶಾಖೆಯ ಉಳಿತಾಯ ಖಾತೆಗಳಷ್ಟೂ ಇಲ್ಲ. ಹೆಚ್ಚಿನವರು ಶಿರಸಿ, ಹಾವೇರಿ, ಮೈಸೂರು ಕಡೆಯವರು, ಅಂದರೆ ನಿಮ್ಮವರೇ. ಕನ್ನಡದಲ್ಲೇ ಯಾಕೆ ಎಂದರೆ, ಟಿಟ್ಟಿಭ, ಕೆಂಬೂತ, ಪಿಕಳಾರ, ಮಡಿವಾಳ ಹಕ್ಕಿ ಎಂಬ ಹೆಸರುಗಳನ್ನು ಬಾಯ್ತುಂಬ ಹೇಳಲು ಮುಂಬಯಿಯಲ್ಲಿ ನನಗೆ ಬೇರೆ ಜಾಗವಿಲ್ಲ. ಮೊಮ್ಮಗನಿಗೆ ಬುಲ್‌ಬುಲ್ ಗೊತ್ತು, ಪಿಕಳಾರ ಗೊತ್ತಿಲ್ಲ.

ಒಂದು ವರ್ಷ ದೀಪಾವಳಿ ಕಳೆದ ಮೇಲೆ ಕೊಂಬಿನ ಗೂಬೆಯ ಕಂತು ಹಾಕಿದೆ. ಕಲ್ಲು ತೆಗೆದು ಬಿಟ್ಟುಹೋದ ಒಂದು ಕ್ವಾರಿಯ ಗೋಡೆಯಲ್ಲಿ ಜೋಡಿ ಇತ್ತು. ಕಲ್ಲಿನ ಚಾಚು ಅವಕ್ಕೆ ಗೂಡು, ಸುತ್ತಲಿನ ಕಸದ ರಾಶಿಯ ಇಲಿ ಅವಕ್ಕೆ ಊಟ. ಸಂಜೆ ರಂಗಾದ ಮೇಲೆ ಗಂಡು ಕೂಗುವುದು ಖಾಲಿ ಹಂಡೆಯೊಳಗೆ ಯಾರೋ ಎರಡು ಸಲ ಹೂಂಗುಟ್ಟಿದ ಹಾಗೆ ಕೇಳುತ್ತದೆ. ಮುಂಬಯಿಯ ಸುತ್ತ ಇಂಥ ಕ್ವಾರಿಗಳು ಬೇಕಾದಷ್ಟಿವೆ. ಯಾವುದು ಎಂದು ಕಂತಿನಲ್ಲಿ ಹೇಳಲಿಲ್ಲ, ಇಲ್ಲೂ ಹೇಳುವುದಿಲ್ಲ.

ಹಾವೇರಿ ಕಡೆಯ ಮೇಷ್ಟ್ರೊಬ್ಬರು ಫೋನು ಮಾಡಿದರು. ತರಗತಿಯಲ್ಲಿ ಹುಡುಗರಿಗೆ ಕೇಳಿಸಿದ್ದರಂತೆ. "ಸರ, ಮುಂಬೈಗೆ ನಾವೇನ್ ಬರೂದಿಲ್ರಿ. ಆದ್ರ ಊರ ಹೆಸರ ಇಲ್ಲದ ಗೂಬಿ ಕಥಿಯೊಳಗಿನ ಗೂಬಿ ಆಗ್ತದಲ್ರಿ. ಖರೇ ಅಂತ ಹುಡುಗ್ರು ಹ್ಯಾಂಗ ನಂಬ್ಬೇಕು?" ನಾನು ಏನೋ ಸಮಜಾಯಿಷಿ ಹೇಳಲು ಹೋದೆ. ಅವರು ಬಿಡಲಿಲ್ಲ. "ನಿಮಗ ಗೊತ್ತದ. ನಿಮ್ಮ ಗೆಳೆಯರಿಗೆ ಗೊತ್ತಿರ್ತದ. ಹಳ್ಳಿ ಹುಡುಗ್ರಿಗೆ ಅಷ್ಟ ಗೊತ್ತಾಗಬಾರ್ದು ಅಂದ್ರ ಹ್ಯಾಂಗ್ರಿ?"

ಈ ಎರಡನೇ ಮಾತು ಚುಚ್ಚಿತು. ಯಾರಿಗೆ ಹೇಳಬಹುದು, ಯಾರಿಗೆ ಹೇಳಬಾರದು ಎಂದು ತೀರ್ಮಾನಿಸುತ್ತ ಕುಳಿತವರ ಚರಿತ್ರೆ ನಮ್ಮ ದೇಶದಲ್ಲಿ ಚೆನ್ನಾಗಿಲ್ಲ. ನನ್ನ ಮನೆತನದ ಹೆಸರು ಕೇಳಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಈಗಲೂ ದೊಡ್ಡ ಲೆನ್ಸಿನ ಕ್ಯಾಮೆರಾ ಹಿಡಿದವರ ನಡುವೆ ಗೂಡಿನ ವಿಳಾಸ ಓಡಾಡುತ್ತಲೇ ಇರುತ್ತದೆ, ಬಾಗಿಲು ಮುಚ್ಚಿರುವುದು ಹೊರಗಿನವರಿಗೆ ಮಾತ್ರ.

ಗುಟ್ಟು ಕಾಯುವುದು ನನಗೆ ಹೊಸದಲ್ಲ. ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದ 1970ರ ಕಾಯ್ದೆಯ 13ನೇ ಕಲಮು ನಿಷ್ಠೆ ಮತ್ತು ಗೋಪ್ಯತೆಯದ್ದು. ಕೆಲಸಕ್ಕೆ ಸೇರುವಾಗ ಆ ಘೋಷಣೆಗೆ ಸಹಿ ಹಾಕಿಯೇ ಒಳಗೆ ಕಾಲಿಟ್ಟವರು ನಾವು. ಪಕ್ಕದ ಮನೆಯವನ ಖಾತೆಯಲ್ಲಿ ಎಷ್ಟಿದೆ ಎಂದು ಹೆಂಡತಿಗೂ ಹೇಳಿದವನಲ್ಲ, ಅವಳು ಕೇಳಿದವಳೂ ಅಲ್ಲ. ಬ್ಯಾಂಕಿನ ಪರೀಕ್ಷೆಗಳಿಗೆ ಓದಿದವರಿಗೆಲ್ಲ 1924ರ ಟೂರ್ನಿಯರ್ ಮೊಕದ್ದಮೆ ಗೊತ್ತು. ಗ್ರಾಹಕನ ಗುಟ್ಟನ್ನು ನಾಲ್ಕು ಸಂದರ್ಭಗಳಲ್ಲಿ ಬಿಚ್ಚಬಹುದು ಎಂದು ಇಂಗ್ಲೆಂಡಿನ ನ್ಯಾಯಾಲಯ ಹೇಳಿತು: ಕಾನೂನು ಒತ್ತಾಯಿಸಿದಾಗ, ಸಾರ್ವಜನಿಕರ ಬಗೆಗಿನ ಕರ್ತವ್ಯ ಬಂದಾಗ, ಬ್ಯಾಂಕಿನ ಸ್ವಂತ ಹಿತಕ್ಕೆ ಅಗತ್ಯವಾದಾಗ, ಗ್ರಾಹಕನೇ ಒಪ್ಪಿದಾಗ. ನನ್ನ ಗೂಬೆಯ ವಿಷಯಕ್ಕೆ ಈ ಅಳತೆಗೋಲು ಹಿಡಿದು ನೋಡಿದೆ. ಗೂಬೆ ನನ್ನಲ್ಲಿ ಖಾತೆ ತೆರೆದಿಲ್ಲ, ಗುಟ್ಟು ಕಾಯಿರಿ ಎಂದು ಕೇಳಿಲ್ಲ, ಒಪ್ಪಿಗೆ ಕೊಡಲೂ ಬರುವುದಿಲ್ಲ. ಹಾಗಾದರೆ ಗುಟ್ಟು ಯಾರದು?

ಕಾಯಬೇಕು ಎನ್ನುವುದಕ್ಕೆ ಆಧಾರ ಗಟ್ಟಿಯಾಗಿಯೇ ಇದೆ. ದಕ್ಷಿಣ ಚೀನಾದ ಗುಹೆಗಳಲ್ಲಿ ಹಲ್ಲಿಯ ಒಂದು ಹೊಸ ಜಾತಿ ಸಿಕ್ಕಿತು. 1999ರಲ್ಲಿ ವಿಜ್ಞಾನಿಗಳು ಅದನ್ನು ಸ್ಥಳದ ಸಮೇತ ವರ್ಣಿಸಿ ಪ್ರಬಂಧ ಪ್ರಕಟಿಸಿದರು. ಸಾಕುಪ್ರಾಣಿ ವ್ಯಾಪಾರಿಗಳು ಅದನ್ನೇ ದಾರಿ ತೋರಿಸುವ ನಕ್ಷೆ ಮಾಡಿಕೊಂಡರು. ಕೆಲವೇ ವರ್ಷಗಳಲ್ಲಿ ಮೊದಲು ಸಿಕ್ಕ ಜಾಗದಲ್ಲಿ ಅದು ಬರಿದಾಯಿತು. ಇದು 2006ರಲ್ಲಿ 'ಸೈನ್ಸ್' ಪತ್ರಿಕೆಯವರೆಗೂ ಹೋದ ವಿಷಯ. ಗೂಬೆಗಂತೂ ನಮ್ಮಲ್ಲೇ ಶನಿ ಕಾದಿದೆ. ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೇ. ಆದರೂ ದೀಪಾವಳಿ ಬಂತೆಂದರೆ ಮಾಟ, ಬಲಿ ಎಂದು ಕದ್ದು ಮಾರುವವರಿದ್ದಾರೆ. ಕೊಂಬಿನ ಗೂಬೆಗೆ ಬೇಡಿಕೆ ಹೆಚ್ಚು, ನೋಡಲು ಭಯಂಕರವಾಗಿದೆಯಲ್ಲ! ನಾನು ಆ ಕಂತನ್ನು ಹಬ್ಬ ಕಳೆಯುವವರೆಗೆ ತಡೆಹಿಡಿದದ್ದು ಇದಕ್ಕೇ.

ಆದರೆ ಎದುರು ಪಕ್ಷವೂ ಬಡವಾಗಿಲ್ಲ. ತೆಲುಗರು ಕಲಿವಿ ಕೋಡಿ ಎನ್ನುವ ಹಕ್ಕಿಯೊಂದಿದೆ, ಇಂಗ್ಲಿಷಿನವರ ಜೆರ್ಡನ್ಸ್ ಕೋರ್ಸರ್. 1900ರಲ್ಲಿ ಕಂಡದ್ದೇ ಕೊನೆ, ನಶಿಸಿಹೋಯಿತು ಎಂದುಕೊಂಡಿದ್ದರು. 1986ರಲ್ಲಿ ಕಡಪ ಜಿಲ್ಲೆಯ ಕುರುಚಲು ಕಾಡಿನಲ್ಲಿ, ಹಕ್ಕಿ ಹಿಡಿಯುವ ಸ್ಥಳೀಯನೊಬ್ಬನ ನೆರವಿನಿಂದ ಮತ್ತೆ ಸಿಕ್ಕಿತು. ಜಾಗ ಲೋಕಕ್ಕೆಲ್ಲ ತಿಳಿಯಿತು, ಅಲ್ಲಿ ಅಭಯಾರಣ್ಯವಾಯಿತು. ಮುಂದೆ ತೆಲುಗು ಗಂಗಾ ಕಾಲುವೆ ಆ ಹಕ್ಕಿಯ ನೆಲಕ್ಕೇ ನುಗ್ಗಿದಾಗ, ಇಲ್ಲಿ ಇಂಥ ಹಕ್ಕಿ ಇದೆ ಎಂದು ದಾಖಲೆ ಹಿಡಿದು ಹೋರಾಡಿದ್ದರಿಂದ ಕಾಲುವೆಯ ದಾರಿ ಬದಲಾಯಿತು. ನಮ್ಮ ಖಾಡಿಯ ರಾಜಹಂಸಗಳದ್ದೂ ಹೀಗೇ. ಸಾವಿರಗಟ್ಟಲೆ ಜನ ಹೋಗಿ ನೋಡಿ, ಫೋಟೋ ತೆಗೆದು, ಗದ್ದಲ ಎಬ್ಬಿಸಿದರು. 2015ರಲ್ಲಿ ಅಭಯಾರಣ್ಯ ಆಯಿತು, 2022ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿತು. ಯಾರಿಗೂ ಗೊತ್ತಿಲ್ಲದ ಜೌಗು ಈ ಮಹಾನಗರದಲ್ಲಿ ಎಷ್ಟು ದಿನ ಜೌಗಾಗಿ ಉಳಿದೀತು? ರಾತ್ರಿ ನಾಲ್ಕು ಲಾರಿ ಮಣ್ಣು ಸುರಿದರೆ ಬೆಳಿಗ್ಗೆ ಅದು ಪ್ಲಾಟು.

ಹಾಗಾಗಿ ಮೇಷ್ಟ್ರ ಮಾತನ್ನು ತಲೆಯಲ್ಲಿ ಇಟ್ಟುಕೊಂಡೇ ಮತ್ತೆ ಕ್ವಾರಿಗೆ ಹೋದೆ. ಅಲ್ಲಿ ಒಂದು ವಿಷಯ ಇನ್ನೂ ಹೇಳಿಲ್ಲ. ಕ್ವಾರಿಯ ಬುಡದಲ್ಲಿ ಏಳೆಂಟು ತಾಡಪತ್ರಿಯ ಗುಡಿಸಲುಗಳಿವೆ. ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಉತ್ತರ ಕರ್ನಾಟಕದ ಜನ. ಜಿಲ್ಲೆಯ ಹೆಸರನ್ನೂ ಬಿಡುತ್ತೇನೆ. ಮೊದಲ ಸಲ ಹೋದಾಗ ನಾನು ಮರಾಠಿಯಲ್ಲಿ ಮಾತು ತೆಗೆದರೆ, ಅಲ್ಲಿದ್ದ ಹೆಂಗಸು ಮಗನಿಗೆ ಕನ್ನಡದಲ್ಲಿ ಗದರಿದ್ದು ಕೇಳಿ ಇಬ್ಬರೂ ನಕ್ಕಿದ್ದೆವು. ಗೂಬೆ ಕೂರುವ ಚಾಚನ್ನು ತೋರಿಸಿದ್ದು ಅವಳೇ. ಅವರ ಕಡೆ ಗೂಬೆ ಅಪಶಕುನವೇ. ಆದರೂ ಕಲ್ಲು ಹೊಡೆದು ಓಡಿಸಿಲ್ಲ. "ಇಲಿ ತಿಂತದ್ರಿ. ಇಲ್ಲಂದ್ರ ಕೂಸಿನ ಕಾಲು ಕಡೀತಾವು" ಅಂದಳು.

ಈ ಸಲ ಅವಳನ್ನೇ ಕೇಳಿದೆ: "ಈ ಜಾಗ ಯಾವುದು ಅಂತ ಜನಕ್ಕೆ ಹೇಳ್ಲೇನಮ್ಮ?" ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಬ್ಯಾಡ್ರಿ ಸಾಹೇಬ್ರ. ನಾಕ ಮಂದಿ ಬಂದ್ರ ಅದೂ ಹಾರಿ ಹೋಗ್ತದ. ಫೋಟೋದಾಗ ನಮ್ಮ ಗುಡ್ಸಲಾನೂ ಬರ್ತಾವ. ಆಮ್ಯಾಲ ನಮ್ಮನ್ನೂ ಎಬ್ಬಿಸ್ತಾರ."

ಕಾಯ್ದೆಯ ಕಣ್ಣಲ್ಲಿ ಅವರು ಅಲ್ಲಿರುವುದು ತಪ್ಪೇ ಇರಬಹುದು. ಆದರೆ ನಾನು ಇಪ್ಪತ್ತು ನಿಮಿಷದ ಖುಷಿಗೆ ಮಾಡುವ ಹವ್ಯಾಸದಿಂದ ಏಳೆಂಟು ಸಂಸಾರ ರಸ್ತೆಗೆ ಬೀಳುವುದಾದರೆ ಆ ಲೆಕ್ಕ ಯಾವ ಪುಸ್ತಕದಲ್ಲಿ ಬರೆಯಲಿ? ಅಂದಿನಿಂದ ನನ್ನ ವಾದ ಒಂದು ದಿಕ್ಕು ಹಿಡಿದಿದೆ. ಗುಟ್ಟು ಕಂಡವನದ್ದೂ ಅಲ್ಲ, ಕೇಳುವವನದ್ದೂ ಅಲ್ಲ. ಬಿಚ್ಚಿದರೆ ನಷ್ಟ ಯಾರಿಗೋ ಅವರದ್ದು. ಬ್ಯಾಂಕಿನ ಭಾಷೆಯಲ್ಲಿ ಗ್ರಾಹಕನ ಒಪ್ಪಿಗೆ ಎಂದದ್ದು ಇದೇ. ಹಕ್ಕಿಯನ್ನು ಕೇಳಲು ಬರುವುದಿಲ್ಲ. ಜೊತೆಗೆ ಬದುಕುವ ಮನುಷ್ಯರನ್ನು ಕೇಳಬಹುದು, ಮತ್ತು ವನ್ಯಜೀವಿಗಳ ವಿಷಯ ಮಾತಾಡುವ ನಾವು ಅವರನ್ನು ಕೇಳುವುದು ಬಹಳ ಕಡಿಮೆ. ಖಾಡಿಯ ರಾಜಹಂಸಗಳ ಹೆಸರು ಹೇಳಲು ನನಗೆ ಅಳುಕಿಲ್ಲ, ಅಲ್ಲಿ ಹೇಳಿದ್ದರಿಂದ ಲಾಭವೇ ಆಗಿದೆ. ಕ್ವಾರಿಗೆ ಬೇರೆ ನ್ಯಾಯ.

ಇಷ್ಟಕ್ಕೆ ಕಲಿವಿ ಕೋಡಿಯ ಪ್ರಶ್ನೆ ತೀರುವುದಿಲ್ಲ ಎಂಬುದೂ ಗೊತ್ತು. ನಾಳೆ ಜೆಸಿಬಿ ಬಂದರೆ? ಪ್ರತಿ ಭೇಟಿಯ ತಾರೀಖು, ಹೊತ್ತು, ಕಂಡದ್ದು, ಕೇಳಿದ್ದು ಎಲ್ಲವನ್ನೂ ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದೇನೆ, ಆಡಿಟಿಗೆ ಕೊಟ್ಟರೂ ನಿಲ್ಲುವ ಹಾಗೆ. ಅಂಥ ದಿನ ಬಂದರೆ ಬಾಯಿ ಬಿಡುತ್ತೇನೆ ಎಂದು ಆ ಹೆಂಗಸಿಗೂ ಹೇಳಿದೆ. "ಅವತ್ತ ಬೇಕಾದ್ರ ಹೇಳ್ರಿ. ಅವತ್ತ ನಾವೂ ಇಲ್ಲಿ ಇರೂದಿಲ್ಲ" ಅಂದಳು.

ಮೇಷ್ಟ್ರ ಮೊದಲನೇ ಪ್ರಶ್ನೆ ಉಳಿಯಿತು: ಊರಿಲ್ಲದ ಗೂಬೆಯನ್ನು ನಂಬುವುದು ಹೇಗೆ? ಇದಕ್ಕೆ ಉತ್ತರ ಹುಡುಕುವಾಗ ನೆನಪಾಗುವುದು ಫಾರೆಸ್ಟ್ ಔಲೆಟ್ ಎಂಬ ಪುಟ್ಟ ಗೂಬೆಯ ಕಥೆ. 1884ರ ಆಮೇಲೆ ಅದರ ಪತ್ತೆ ಇರಲಿಲ್ಲ. ರಿಚರ್ಡ್ ಮೈನರ್ಟ್ಸ್‌ಹ್ಯಾಗನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಮಾತ್ರ 1914ರಲ್ಲಿ ಗುಜರಾತಿನ ಮಾಂಡವಿಯಲ್ಲಿ ಒಂದನ್ನು ಹೊಡೆದೆ ಎಂದು ಚೀಟಿ ಬರೆದು ಇಟ್ಟಿದ್ದ. ಹುಡುಕುವವರು ಆ ಚೀಟಿ ನಂಬಿದರು. ಪಮೇಲಾ ರಾಸ್ಮುಸೆನ್ ಎಂಬ ಪಕ್ಷಿವಿಜ್ಞಾನಿ ಪರೀಕ್ಷಿಸಿ ನೋಡಿದಾಗ, ಅದು 1880ರ ದಶಕದಲ್ಲಿ ಜೇಮ್ಸ್ ಡೇವಿಡ್ಸನ್ ಸಂಗ್ರಹಿಸಿದ್ದ ಹಕ್ಕಿ, ಕದ್ದು ಹೊಸ ಚೀಟಿ ಅಂಟಿಸಿದ್ದು ಎಂದು ಗೊತ್ತಾಯಿತು. ಆ ಸುಳ್ಳು ವಿಳಾಸ ಬದಿಗಿಟ್ಟು ನಿಜವಾದ ಹಳೆಯ ಜಾಗಗಳಿಗೆ ಹೋದರೆ, 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಹತ್ತಿರ ಗೂಬೆ ಕೂತಿತ್ತು! 2014ರಲ್ಲಿ ಮುಂಬಯಿಗೆ ನೀರು ಕೊಡುವ ತಾನ್ಸಾದ ಕಾಡಿನಲ್ಲೂ ಸಿಕ್ಕಿತು. ಹೇಳದೆ ಇರುವುದಕ್ಕೂ ಸುಳ್ಳು ಹೇಳುವುದಕ್ಕೂ ನಡುವೆ ಎಷ್ಟು ಅಂತರವಿದೆ ಎಂದು ಆ ಚೀಟಿ ನೋಡಿದರೆ ತಿಳಿಯುತ್ತದೆ.

ನನ್ನ ಕೆಲಸದಲ್ಲಿ ಈ ಅಂತರ ಕೂದಲೆಳೆಯಷ್ಟೇ. ಧ್ವನಿಯಲ್ಲೇ ವಿಳಾಸ ಅಡಗಿರುತ್ತದೆ. ಲೋಕಲ್ ರೈಲಿನ ಹಾರ್ನು, ಸ್ಟೇಶನ್ನಿನ ಪ್ರಕಟಣೆ, ಗುಡಿಯ ಗಂಟೆ, ಯಾವುದೋ ಕಾರ್ಖಾನೆಯ ಸೈರನ್ನು. ಬಲ್ಲವರು ಇಷ್ಟರಿಂದಲೇ ಜಾಗ ಹಿಡಿಯುತ್ತಾರೆ. ಅಂಥದ್ದನ್ನು ಕತ್ತರಿಸಿ ತೆಗೆಯುತ್ತೇನೆ, ತೆಗೆದೆ ಎಂದು ಕಂತಿನಲ್ಲಿ ಹೇಳುತ್ತೇನೆ. ಕತ್ತರಿಸಿದ ಜಾಗ ಚುಟುಕಾಗಿ ಕೇಳಿಸುತ್ತದೆ, ಅಲ್ಲಿಗೆ ಕುಮಟೆಯ ನಮ್ಮ ತೋಟದ ಜೀರುಂಡೆ ದನಿ ತುಂಬಿಸಿದರೆ ಚಂದವಾಗುತ್ತದೆ ಎಂದು ಧ್ವನಿಯ ಕೆಲಸ ಬಲ್ಲ ಹುಡುಗನೊಬ್ಬ ಸಲಹೆ ಕೊಟ್ಟ. "ಯಾರಿಗೆ ಗೊತ್ತಾಗ್ತದೆ ಅಂಕಲ್?" ಗೊತ್ತಾಗುವುದಿಲ್ಲ, ನಿಜ. ಆದರೂ ನಾನು ಒಪ್ಪಲಿಲ್ಲ. ಮೈನರ್ಟ್ಸ್‌ಹ್ಯಾಗನ್ ಚೀಟಿಯೂ ಎಂಬತ್ತು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ.

ಮೇಷ್ಟ್ರಿಗೆ ಇದನ್ನೆಲ್ಲ ಬರೆದೆ. ಜೊತೆಗೆ, ನಿಮ್ಮ ಹುಡುಗರಿಗೆ ನನ್ನ ಗೂಬೆಯ ಮೇಲೆ ನಂಬಿಕೆ ಬೇಕಿಲ್ಲ, ನಿಮ್ಮೂರಲ್ಲೇ ಹಳೆಯ ಮಾವು, ಹುಣಸೆ ಪೊಟರೆಗಳಲ್ಲಿ ಹಾಲಕ್ಕಿ ಇರುತ್ತದೆ, ಅದೂ ಗೂಬೆಯ ಜಾತಿಯೇ, ಮುಸ್ಸಂಜೆಯಲ್ಲಿ ಸುಮ್ಮನೆ ಕೂತು ಕೇಳಲಿ, ದೂರದಿಂದ, ಟಾರ್ಚು ಬಿಡದೆ ಎಂದೂ ಬರೆದೆ. ಎರಡು ತಿಂಗಳು ಸುದ್ದಿ ಇರಲಿಲ್ಲ. ಆಮೇಲೆ ಒಂದು ದಿನ ಮೊಬೈಲಿಗೆ ಧ್ವನಿ ಬಂತು. ಹಾಲಕ್ಕಿಯ ಚೀರ್ರು ಚೀರ್ರು ಕಿರುಚಾಟ, ಹಿಂದೆ ಹುಡುಗರ ಪಿಸುಮಾತು, ಒಬ್ಬ ಉತ್ಸಾಹ ತಾಳಲಾರದೆ ಊರ ಹೆಸರು, ಓಣಿಯ ಹೆಸರು, ಮರ ಯಾರ ಹಿತ್ತಿಲಲ್ಲಿದೆ ಎಂಬುದನ್ನೆಲ್ಲ ಕೂಗಿ ಹೇಳುತ್ತಿದ್ದಾನೆ.

ಹಾಕಬಹುದೇ ಎಂದು ಮೇಷ್ಟ್ರನ್ನು ಕೇಳಿದೆ. ತರಗತಿಯಲ್ಲಿ ಅರ್ಧ ಹುಡುಗರು ಊರ ಹೆಸರು ಬರಲೇಬೇಕು ಅನ್ನುತ್ತಾರಂತೆ, ಉಳಿದರ್ಧ ಬೇಡ ಅನ್ನುತ್ತಾರಂತೆ. ಹಿತ್ತಿಲಿನ ಅಜ್ಜಿಯನ್ನು ಇನ್ನೂ ಕೇಳಿಲ್ಲ. "ಆಕಿ ಮಗಳ ಮನಿಗೆ ಹೋಗ್ಯಾಳ್ರಿ ಸರ. ಬಂದ ಮ್ಯಾಲ ಕೇಳಿ ಹೇಳ್ತೀನಿ" ಎಂದಿದ್ದಾರೆ. ಧ್ವನಿ ನನ್ನ ಕಂಪ್ಯೂಟರಿನಲ್ಲಿ ಹಾಗೇ ಇದೆ, ಇನ್ನೂ ಕತ್ತರಿಸಿಲ್ಲ.